ಒಂದೇ ಪುಸ್ತಕ, ಮೂರು ಥರದ ಮಕ್ಕಳು: ಹೈಸ್ಕೂಲ್ ಇಂಗ್ಲಿಷ್ ಬಗ್ಗೆ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಪರೀಕ್ಷಾ ಮಂಡಳಿಯವರಿಗೆ, ಪಠ್ಯಪುಸ್ತಕ ಮಾಡುವವರಿಗೆ,

ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯ ಹಳ್ಳಿ ಹೈಸ್ಕೂಲುಗಳಲ್ಲಿ 30 ವರ್ಷ ಇಂಗ್ಲಿಷ್ ಪಾಠ ಮಾಡಿದವಳು. ಹೋದ ವರ್ಷ ನಿವೃತ್ತಿಯಾದೆ. ಕೆಲಸದಲ್ಲಿದ್ದಾಗ ಇದನ್ನು ಬರೆದಿದ್ದರೆ ಮೂರನೇ ದಿನಕ್ಕೆ ಕಾರಣ ಕೇಳಿ ನೋಟಿಸ್ ಬರುತ್ತಿತ್ತು. ಈಗ ಆ ಭಯವಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಜೂನ್‌ನಲ್ಲಿ ಹಿಂದಿನ ಕ್ಲಾಸಿನ ಪಾಠ ನೆನಪಿಸುವ ಸೇತುಬಂಧ ನಡೆಯುತ್ತದಲ್ಲ, ಆಗ ಎಂಟನೇ ಕ್ಲಾಸಿಗೆ ಹೊಸದಾಗಿ ಬಂದ ಮಕ್ಕಳನ್ನು ನಾನು ಒಬ್ಬೊಬ್ಬರಾಗಿ ವರಾಂಡಕ್ಕೆ ಕರೆಯುತ್ತಿದ್ದೆ. ಕೈಗೆ ನಾಲ್ಕನೇ ಕ್ಲಾಸಿನ ಇಂಗ್ಲಿಷ್ ಪುಸ್ತಕ ಕೊಟ್ಟು, ಒಂದು ಪುಟ ಓದು ಅನ್ನುತ್ತಿದ್ದೆ. ಕ್ಲಾಸಿನೊಳಗೆ ಓದಿಸುತ್ತಿರಲಿಲ್ಲ, ಉಳಿದವರು ನಗುತ್ತಾರೆ. ಮಕ್ಕಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ನೋಡುವ ಇಲಾಖೆಯ ನೈದಾನಿಕ ಪರೀಕ್ಷೆಯೂ ಇತ್ತು. ಆದರೆ ಅದರಲ್ಲಿ ಪಕ್ಕದವನದ್ದು ನೋಡಿ ಬರೆಯಬಹುದು. ಓದುವಾಗ ಪಕ್ಕದವನ ಬಾಯಿ ಸಾಲ ಸಿಗುವುದಿಲ್ಲ.

ಒಂದು ವರ್ಷದ್ದು ಹೇಳುತ್ತೇನೆ. ಒಬ್ಬ ಹುಡುಗ ಪುಸ್ತಕ ಹಿಡಿದು ಸುಮ್ಮನೆ ನಿಂತ. ಬೆರಳು ಮೊದಲ ಸಾಲಿನ ಕೆಳಗೇ ಇತ್ತು. ‘ಏನಾಯ್ತೋ?’ ಅಂದೆ. ‘ಕಣ್ಣು ಉರೀತೈತೆ ಮೇಡಂ’ ಅಂದ. ಮೇಜಿನ ಮೇಲಿದ್ದ ಕನ್ನಡ ಪೇಪರ್ ಕೊಟ್ಟೆ. ಮಳೆ ಸುದ್ದಿ, ಈರುಳ್ಳಿ ರೇಟು ಎಲ್ಲ ಸರಾಗವಾಗಿ ಓದಿದ. ಕಣ್ಣಿಗೆ ಏನೂ ಆಗಿರಲಿಲ್ಲ. ಅವನ ಹಿಂದೆ ಬಂದ ಹುಡುಗಿ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹೆ ಮಾಡುತ್ತಿದ್ದಳು. ‘ಹೌಸ್’ ಇದ್ದರೆ ‘ಹಾರ್ಸ್’, ‘ಹಾರ್ಸ್’ ಇದ್ದರೆ ‘ಹೌಸ್’. ಅದೇ ಸಾಲಿನಲ್ಲಿ ನಿಂತಿದ್ದ ಇನ್ನೊಬ್ಬಳು ಬೆಂಗಳೂರಿನ ಪ್ರೈವೇಟ್ ಸ್ಕೂಲಿನಿಂದ ಬಂದವಳು. ಕೋವಿಡ್‌ನಲ್ಲಿ ಅಪ್ಪನ ಕೆಲಸ ಹೋಗಿ ಊರು ಸೇರಿದ್ದರು. ಪುಟ ಪೂರ್ತಿ ಒಂದೇ ಉಸಿರಿಗೆ ಓದಿ ‘ನೆಕ್ಸ್ಟ್ ಪೇಜ್ ಓದ್ಲಾ ಮೇಡಂ?’ ಅಂದಳು.

ಈ ಮೂವರೂ ಒಂದೇ ಕೋಣೆಯಲ್ಲಿ, ಒಂದೇ ಪುಸ್ತಕ ಇಟ್ಟುಕೊಂಡು, ಒಂದೇ ಪಿರಿಯಡ್‌ನಲ್ಲಿ ಕೂರುತ್ತಾರೆ. ಮೂರು ವರ್ಷ ಆದ ಮೇಲೆ ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ. ನಮ್ಮ ಕಾಲದಲ್ಲಿ ಇಂಗ್ಲಿಷ್ ಐದನೇ ಕ್ಲಾಸಿನಿಂದ ಶುರುವಾಗುತ್ತಿತ್ತು. 2007-08ರಿಂದ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಗೇ ಬಂತು. ಅಂದರೆ ಆ ಕಣ್ಣುರಿ ಹುಡುಗನಿಗೆ ಆಗಲೇ ಏಳು ವರ್ಷ ಇಂಗ್ಲಿಷ್ ಆಗಿತ್ತು! ಹಾಗಂತ ನಾನು ಪ್ರೈಮರಿ ಶಾಲೆಯವರನ್ನು ಬೈಯುತ್ತಿಲ್ಲ. ಎರಡು ಮೂರು ಕ್ಲಾಸು ಒಬ್ಬರೇ ನೋಡಿಕೊಂಡು, ಮಧ್ಯೆ ಬಿಸಿಯೂಟದ ಲೆಕ್ಕ ಬರೆಯುವವರನ್ನು ನಾನು ಯಾವ ಬಾಯಲ್ಲಿ ಕೇಳಲಿ?

ಎಂಟನೇ ಕ್ಲಾಸಿನ ಪುಸ್ತಕ ಮಾತ್ರ ಯಾರಿಗೂ ಕಾಯುವುದಿಲ್ಲ. ಜೂನ್ ಮುಗಿದ ಕೂಡಲೇ ಪಾಠ ಒಂದು, ಪದ್ಯ ಒಂದು. ಓದಲು ಬಾರದ ಮಕ್ಕಳು ಏನು ಮಾಡುತ್ತಾರೆ ಗೊತ್ತಾ? ಅವರ ಪುಸ್ತಕ ತೆರೆದು ನೋಡಿ. ಪದ್ಯದ ಪ್ರತಿ ಸಾಲಿನ ಮೇಲೂ ಪೆನ್ಸಿಲ್‌ನಲ್ಲಿ ಪುಟ್ಟ ಪುಟ್ಟ ಕನ್ನಡ ಅಕ್ಷರ ಇರುತ್ತದೆ. ಓದುವ ಹುಡುಗಿಯ ಪಕ್ಕ ಕೂತು, ಅವಳು ಹೇಳಿದ್ದನ್ನು ಕೇಳಿ ಬರೆದುಕೊಂಡದ್ದು. ನಾನು ಓದು ಅಂದಾಗ ಅದನ್ನೇ ಗಟ್ಟಿಯಾಗಿ ಓದುತ್ತಾರೆ. ದೂರದಿಂದ ಕೇಳಿದವರಿಗೆ ಮಗು ಇಂಗ್ಲಿಷ್ ಓದುತ್ತಿದೆ ಅನ್ನಿಸುತ್ತದೆ. ಅದು ಓದುತ್ತಿರುವುದು ಕನ್ನಡ. ಒಮ್ಮೆ ನಮ್ಮ ಶಾಲೆಗೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಹೀಗೆ ಓದಿದ ಹುಡುಗನ ಬೆನ್ನು ತಟ್ಟಿ ಹೋದರು. ನಾನು ಬಾಯಿ ಬಿಡಲಿಲ್ಲ. ಹುಡುಗನೂ ಬಿಡಲಿಲ್ಲ.

ಹತ್ತನೇ ಕ್ಲಾಸಿಗೆ ಬಂದ ಮೇಲೆ ಇನ್ನೊಂದು ಆಟ. ಅದರ ಹೆಸರು ಪಾಸಿಂಗ್ ಪ್ಯಾಕೇಜ್. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ನಿಧಾನ ಕಲಿಕೆಯ ಮಕ್ಕಳು ಅಂತ ಒಂದು ಪಟ್ಟಿ ಮಾಡುತ್ತೇವೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿಸುತ್ತೇವೆ. ಪತ್ರಲೇಖನಕ್ಕೆ ಅಸ್ಥಿಪಂಜರ ಬಾಯಿಪಾಠ: ಫ್ರಮ್, ಟು, ರೆಸ್ಪೆಕ್ಟೆಡ್ ಸರ್, ಸಬ್ಜೆಕ್ಟ್, ಥ್ಯಾಂಕಿಂಗ್ ಯು, ಯುವರ್ಸ್ ಫೇತ್‌ಫುಲಿ. ಮಧ್ಯೆ ಪ್ರಶ್ನೆಯಲ್ಲಿರುವುದನ್ನೇ ಇಳಿಸಿದರೂ ನಡೆಯುತ್ತದೆ. ಪ್ರೊಫೈಲ್ ಬರೆಯುವುದಕ್ಕೆ ಪಟ್ಟಿಯಲ್ಲಿ ಕೊಟ್ಟದ್ದಕ್ಕೆಲ್ಲ ‘ಹಿಸ್’, ‘ಈಸ್’ ಅಂಟಿಸಬೇಕು. ಒಂದು ಕಂಠಪಾಠದ ಪದ್ಯ. ಚಿತ್ರ ಕೊಟ್ಟರೆ ‘ದಿಸ್ ಈಸ್ ಎ ಬ್ಯೂಟಿಫುಲ್ ಪಿಕ್ಚರ್’, ಅದು ಬಸ್ ಆಕ್ಸಿಡೆಂಟಿನ ಚಿತ್ರವಾದರೂ ಸರಿ.

ನಗಬೇಡಿ. ಈ ಪ್ಯಾಕೇಜಿನಿಂದ ಎಷ್ಟೋ ಮಕ್ಕಳು ಪಾಸಾಗಿದ್ದಾರೆ. ಎಸ್ಸೆಸ್ಸೆಲ್ಸಿ ಪಾಸು ಅನ್ನೋ ಒಂದು ಕಾರ್ಡಿಲ್ಲದೆ ಎಷ್ಟೋ ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅದಕ್ಕೇ ನಾನೂ ಕೂರಿಸಿದೆ, ನಾನೂ ಬಾಯಿಪಾಠ ಮಾಡಿಸಿದೆ. ನಾಚಿಕೆಯೂ ಇದೆ, ಪಶ್ಚಾತ್ತಾಪ ಮಾತ್ರ ಇಲ್ಲ. ಆದರೆ ಮೂರು ವರ್ಷ ಎದುರಿಗೇ ಕೂತಿದ್ದ ಮಗುವಿಗೆ ಕೊನೆಯ ಮೂರು ತಿಂಗಳಲ್ಲಿ ಅಸ್ಥಿಪಂಜರ ಕೊಡುವ ಬದಲು, ಮೊದಲ ಮೂರು ತಿಂಗಳಲ್ಲಿ ಅಕ್ಷರ ಕೂಡಿಸುವುದನ್ನು ಕಲಿಸಬಹುದಿತ್ತು, ಅಲ್ವಾ?

ಆ ಬೆಂಗಳೂರಿನ ಹುಡುಗಿ ಏನಾದಳು ಅಂತ ಕೇಳಬೇಕು ನೀವು. ಅವಳಿಗೆ ಮೂರು ವರ್ಷ ನಾನು ಏನನ್ನೂ ಕಲಿಸಲಿಲ್ಲ. ಇದು ನಿಜ. ಕ್ಲಾಸಿನಲ್ಲಿ ಅವಳು ನನ್ನ ಅಸಿಸ್ಟೆಂಟ್. ಬೋರ್ಡ್ ಮೇಲೆ ಬರೆಯುವುದು, ಉಳಿದವರ ನೋಟ್ಸ್ ತಿದ್ದುವುದು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪದ್ಯದ ಸಾರಾಂಶವನ್ನು ತನ್ನದೇ ಮಾತಿನಲ್ಲಿ ಬರೆದಿದ್ದಳು. ಚೆನ್ನಾಗಿತ್ತು. ಆದರೆ ಮೌಲ್ಯಮಾಪನದ ಸ್ಕೀಮಿನಲ್ಲಿದ್ದ ಪಾಯಿಂಟುಗಳಲ್ಲಿ ಎರಡು ಇರಲಿಲ್ಲ. ಅಂಕ ಕಳೆದೆ. ಗೈಡ್ ಬಾಯಿಪಾಠ ಮಾಡಿದ್ದ ಹುಡುಗಿಗೆ ಪೂರ್ತಿ ಅಂಕ ಕೊಟ್ಟೆ. ಬೆಂಗಳೂರಿನ ಹುಡುಗಿ ಬಂದು ‘ನಂದು ಯಾಕೆ ತಪ್ಪು ಮೇಡಂ?’ ಅಂದಳು. ತಪ್ಪಿಲ್ಲಮ್ಮ, ಸ್ಕೀಮಿನಲ್ಲಿಲ್ಲ ಅಂದೆ. ಮುಂದಿನ ಪರೀಕ್ಷೆಗೆ ಅವಳೂ ಗೈಡ್ ತಗೊಂಡಳು.

ಇನ್ನು, ಬಾಯಿಪಾಠ ಮಾಡಿ ಗೆದ್ದವರ ಕಥೆಯೂ ಚೂರು ಕೇಳಿ. ನನ್ನ ಒಬ್ಬ ವಿದ್ಯಾರ್ಥಿನಿ ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನಲ್ಲಿ 100ಕ್ಕೆ 94 ತೆಗೆದಳು. ಊರಲ್ಲಿ ಫ್ಲೆಕ್ಸ್ ಹಾಕಿದರು. ತಾಲ್ಲೂಕಿನಲ್ಲಿ ಪಿಯು ಸೈನ್ಸ್‌ಗೆ ಸೇರಿದಳು. ಆಗಸ್ಟ್‌ನಲ್ಲಿ ಒಂದು ಶನಿವಾರ ಮನೆಗೆ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು ಅಳೋಕೆ ಶುರು ಮಾಡಿದಳು. ‘ಮೇಡಂ, ವೇಗೋತ್ಕರ್ಷ ಅಂದ್ರೆ ನಂಗೆ ಚೆನ್ನಾಗಿ ಗೊತ್ತು. ಆಕ್ಸಿಲರೇಶನ್ ಅಂದ್ರೆ ಅದೇ ಅಂತ ಒಂದು ತಿಂಗಳು ಗೊತ್ತೇ ಆಗ್ಲಿಲ್ಲ’ ಅಂದಳು. ವಕ್ರೀಭವನ ಗೊತ್ತು, ರಿಫ್ರ್ಯಾಕ್ಷನ್ ಗೊತ್ತಿಲ್ಲ. ಪತ್ರಹರಿತ್ತು ಗೊತ್ತು, ಕ್ಲೋರೋಫಿಲ್ ಗೊತ್ತಿಲ್ಲ. ಪಾಠ ಗೊತ್ತಿದ್ದೂ ಹೆಸರು ಗೊತ್ತಿಲ್ಲದೆ ಹಿಂದಿನ ಬೆಂಚಿಗೆ ಹೋಗಿ ಕೂತಿದ್ದಳು. ದಸರಾ ರಜೆಯ ಹೊತ್ತಿಗೆ ಆರ್ಟ್ಸ್‌ಗೆ ಬದಲಾಯಿಸಿಕೊಂಡಳು. ಆರ್ಟ್ಸ್ ಕಡಿಮೆ ಅಂತಲ್ಲ. ಆದರೆ ಅವಳಿಗೆ ಬೇಕಿದ್ದದ್ದು ನರ್ಸಿಂಗ್.

ಆ 94 ಅಂಕದಲ್ಲಿ ಅವಳಿಗೆ ಬೇಕಾದ ಇಂಗ್ಲಿಷ್ ಇರಲಿಲ್ಲ. ಐಟಿಐಗೆ ಹೋದ ಹುಡುಗನಿಗೆ ಬೇಕಾದದ್ದು ಇನ್ನೊಂದು ಥರ: ಮೆಷಿನ್ ಮೇಲಿನ ಎಚ್ಚರಿಕೆ ಬೋರ್ಡು, ಅಳತೆಯ ಚೀಟಿ, ಅಪ್ರೆಂಟಿಸ್ ಅರ್ಜಿ. ಸೈನ್ಸಿಗೆ ಹೋಗುವವಳಿಗೆ ಪಾಠದ ಇಂಗ್ಲಿಷ್ ಬೇಕು. ಕಥೆ, ಕವಿತೆ ಇಷ್ಟಪಡುವವಳಿಗೆ ಇನ್ನೂ ದೊಡ್ಡ ಪುಸ್ತಕ ಬೇಕು. ನಾವು ಎಲ್ಲರಿಗೂ ಕೊಡುತ್ತಿರುವುದು ಒಂದೇ ತಟ್ಟೆ ಊಟ. ಒಬ್ಬಳಿಗೆ ಹೊಟ್ಟೆ ತುಂಬುವುದಿಲ್ಲ, ಒಬ್ಬನಿಗೆ ಗಂಟಲಲ್ಲಿ ಇಳಿಯುವುದಿಲ್ಲ.

ನಮ್ಮಲ್ಲಿ ಇಂಗ್ಲಿಷಿಗೆ ಬೇರೆ ಬೇರೆ ದಾರಿಗಳೇ ಇಲ್ಲ ಅಂತ ಅಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಇಂಗ್ಲಿಷ್ ಇದೆ, 125 ಅಂಕಕ್ಕೆ. ದ್ವಿತೀಯ ಭಾಷೆ ಇಂಗ್ಲಿಷ್ ಇದೆ, 100 ಅಂಕಕ್ಕೆ. ತೃತೀಯ ಭಾಷೆಯಾಗಿಯೂ ಇದೆ. ಪುಸ್ತಕ ಬೇರೆ, ಪತ್ರಿಕೆ ಬೇರೆ. ಆದರೆ ಯಾವ ಮಗು ಯಾವ ದಾರಿಯಲ್ಲಿ ಹೋಗಬೇಕು ಅಂತ ತೀರ್ಮಾನ ಮಾಡುವುದು ಯಾರು? ಮಗುವಿಗೆ ಎಷ್ಟು ಇಂಗ್ಲಿಷ್ ಬರುತ್ತದೆ ಅನ್ನೋದಂತೂ ಅಲ್ಲ. ಶಾಲೆಯ ಗೇಟಿನ ಮೇಲಿರುವ ಬೋರ್ಡು. ಇಂಗ್ಲಿಷ್ ಮೀಡಿಯಂ ಅಂತ ಬರೆದಿದ್ದರೆ ಸಾಮಾನ್ಯವಾಗಿ ಪ್ರಥಮ ಭಾಷೆ, ಕನ್ನಡ ಮಾಧ್ಯಮ ಅಂತ ಬರೆದಿದ್ದರೆ ದ್ವಿತೀಯ. ಹಾಗಾಗಿ ಇಂಗ್ಲಿಷ್ ಮೀಡಿಯಂನಲ್ಲಿ ಒಂದು ವಾಕ್ಯ ಸ್ವಂತವಾಗಿ ಬರೆಯಲಾರದ ಮಗು ಪ್ರಥಮ ಭಾಷೆಯ ಪತ್ರಿಕೆ ಮುಂದೆ ಕೂರುತ್ತದೆ. ನನ್ನ ಬೆಂಗಳೂರಿನ ಹುಡುಗಿ ದ್ವಿತೀಯ ಭಾಷೆಯ ಪುಸ್ತಕದಲ್ಲಿ ಆಕಳಿಸುತ್ತಾ ಕೂರುತ್ತಾಳೆ.

ಪ್ರಥಮ ಭಾಷೆ ಯಾವುದಾಗಬೇಕು ಅಂತ 1982ರಲ್ಲಿ ಗೋಕಾಕ್ ವರದಿಗಾಗಿ ನಾಡೇ ಬೀದಿಗಿಳಿದಿತ್ತು. ಡಾ. ರಾಜ್‌ಕುಮಾರ್ ಬಂದ ಮೇಲಂತೂ ಕೇಳಬೇಡಿ. ನಾನಾಗ ಪಿಯುಸಿ ಹುಡುಗಿ, ಘೋಷಣೆ ಕೂಗಿ ಗಂಟಲು ಕಟ್ಟಿತ್ತು. ಇವತ್ತೂ ಕನ್ನಡವೇ ಮೊದಲು ಅನ್ನುವವಳೇ ನಾನು. ಇಂಗ್ಲಿಷ್ ಟೀಚರ್ ಹೀಗಂದರೆ ಕೆಲವರಿಗೆ ನಗು ಬರುತ್ತದೆ. ಬರಲಿ. 2025ರ ಆಗಸ್ಟ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಆಯೋಗ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಿತು. ಎರಡು ಭಾಷೆ ಸಾಕೋ ಮೂರು ಬೇಕೋ ಅಂತ ಟಿವಿಯಲ್ಲಿ ಗಲಾಟೆಯಾಯಿತು. ಎರಡಾದರೂ ಇಂಗ್ಲಿಷ್ ಇದೆ, ಮೂರಾದರೂ ಇಂಗ್ಲಿಷ್ ಇದೆ. ಅದನ್ನು ಹೈಸ್ಕೂಲಿನಲ್ಲಿ ಹೇಗೆ ಕಲಿಸುತ್ತೀರಿ ಅಂತ ಆ ಗಲಾಟೆಯಲ್ಲಿ ಒಬ್ಬರೂ ಕೇಳಿದ್ದು ನಾನು ನೋಡಲಿಲ್ಲ.

ಈಗ ಕೇಳಲೇಬೇಕಾದ ಕಾಲ ಬಂದಿದೆ. 2019-20ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿಗೆ ಇಂಗ್ಲಿಷ್ ಮಾಧ್ಯಮ ವಿಭಾಗ ಶುರು ಮಾಡಿದಿರಿ, ನೆನಪಿದೆಯಾ? ಆ ಮೊದಲ ತಂಡ ಎಂಟನೇ ಕ್ಲಾಸಿಗೆ ಕಾಲಿಡುವುದು 2026ರ ಜೂನ್‌ನಲ್ಲಿ. ಪಾಪ, ಆ ಮಕ್ಕಳ ಹಣೆಬರಹ ನೋಡಿ. ಒಂದನೇ ಕ್ಲಾಸು ಮುಗಿಯುವ ಹೊತ್ತಿಗೆ ಕೋವಿಡ್ ಬಂದು ಶಾಲೆ ಮುಚ್ಚಿತು. ಎರಡನೇ ಕ್ಲಾಸು ಬಹುಪಾಲು ಮನೆಯಲ್ಲೇ ಕಳೆಯಿತು. ಮನೆಯಲ್ಲಿ ಇಂಗ್ಲಿಷ್ ಕೇಳಿಸಿಕೊಳ್ಳದ ಮಕ್ಕಳು ಇಂಗ್ಲಿಷ್ ಮಾಧ್ಯಮದ ಮೊದಲ ಎರಡು ವರ್ಷವನ್ನು ಹೀಗೆ ದಾಟಿದರು. ಅವರು ಬಂದು ಕೂರುವುದು ಕನ್ನಡ ಮಾಧ್ಯಮದ ಮಕ್ಕಳಿರುವ ಅದೇ ಹೈಸ್ಕೂಲುಗಳಲ್ಲಿ. ನನ್ನ ವರಾಂಡದ ಸಾಲು ಇನ್ನೂ ಉದ್ದವಾಗುತ್ತದೆ. ಅಲ್ಲಿ ಈಗ ನಾನಿಲ್ಲ, ನನ್ನ ಜಾಗಕ್ಕೆ ಬಂದ ಅತಿಥಿ ಶಿಕ್ಷಕಿ ಇದ್ದಾಳೆ.

ಹಾಗಾದರೆ ಬುದ್ಧಿವಂತರಿಗೊಂದು ಸೆಕ್ಷನ್, ದಡ್ಡರಿಗೊಂದು ಸೆಕ್ಷನ್ ಮಾಡಿ ಅಂತೀರಾ ಮೇಡಂ, ಅಂತ ನೀವು ಕೇಳಬಹುದು. ಖಂಡಿತ ಇಲ್ಲ. ನಾನು ಹೈಸ್ಕೂಲಿನಲ್ಲಿ ಸಿ ಸೆಕ್ಷನ್. ಅಂಕ ನೋಡಿ ವಿಂಗಡಿಸಿದ್ದರು. ಎ ಸೆಕ್ಷನ್‌ಗೆ ಹೆಡ್‌ಮಾಸ್ಟರ್ ಪಾಠ, ನಮಗೆ ಯಾರು ಬಿಡುವಾಗಿದ್ದರೆ ಅವರು. ಪಿ.ಟಿ. ಮೇಷ್ಟ್ರು ನಮ್ಮ ಕೋಣೆಗೆ ಕುರಿದೊಡ್ಡಿ ಅಂತ ಹೆಸರಿಟ್ಟಿದ್ದರು. ಕಟ್ಟಿಗೆ ಮಾರುವವರ ಮಕ್ಕಳು, ಕೂಲಿಯವರ ಮಕ್ಕಳು, ಹಾಸ್ಟೆಲ್ ಮಕ್ಕಳು ಎಲ್ಲ ಅಲ್ಲೇ ಇದ್ದೆವು. ಅಂಕ ನೋಡಿ ವಿಂಗಡಿಸಿದರೂ ಜಾತಿ ನೋಡಿ ವಿಂಗಡಿಸಿದ ಹಾಗೇ ಆಗಿತ್ತು. ಅದನ್ನು ಮತ್ತೆ ತನ್ನಿ ಅಂತ ಕೇಳುವವಳಲ್ಲ ನಾನು.

ಬೇರೆ ಕಡೆಯವರೂ ಇದರಲ್ಲಿ ಎಡವಿದ್ದಾರೆ. ಇಂಗ್ಲೆಂಡಿನಲ್ಲಿ ನಮ್ಮ ಎಸ್ಸೆಸ್ಸೆಲ್ಸಿಯಂಥ ಜಿಸಿಎಸ್‌ಇ ಪರೀಕ್ಷೆಯ ಇಂಗ್ಲಿಷಿಗೆ ಎರಡು ಮಟ್ಟದ ಪತ್ರಿಕೆ ಇತ್ತು. ಕೆಳಗಿನ ಮಟ್ಟದ್ದು ಬರೆದರೆ ಎಷ್ಟೇ ಚೆನ್ನಾಗಿ ಬರೆದರೂ ಸಿ ಗ್ರೇಡಿನ ಮೇಲೆ ಸಿಗುತ್ತಿರಲಿಲ್ಲ. 2017ರಲ್ಲಿ ಹೊಸ ಪರೀಕ್ಷೆ ಬಂದಾಗ ಇಂಗ್ಲಿಷಿನಲ್ಲಿ ಆ ಮಟ್ಟಗಳನ್ನೇ ಕೈಬಿಟ್ಟರು. ನಮ್ಮ ಸಿಬಿಎಸ್‌ಇ 2020ರ ಪರೀಕ್ಷೆಯಿಂದ ಹತ್ತನೇ ಕ್ಲಾಸಿನ ಗಣಿತಕ್ಕೆ ಸ್ಟ್ಯಾಂಡರ್ಡ್, ಬೇಸಿಕ್ ಅಂತ ಎರಡು ಪತ್ರಿಕೆ ಮಾಡಿತು. ಪುಸ್ತಕ ಒಂದೇ, ಪಾಠ ಒಂದೇ, ಪ್ರಶ್ನೆಯ ಮಟ್ಟ ಮಾತ್ರ ಬೇರೆ. ಇದು ಒಳ್ಳೆಯದೇ. ಆದರೆ ಬೇಸಿಕ್ ಬರೆದವರು ಹನ್ನೊಂದರಲ್ಲಿ ಗಣಿತ ತಗೊಳ್ಳುವ ಹಾಗಿಲ್ಲ ಅಂತ ಮೊದಲು ನಿಯಮ ಮಾಡಿ, ಆಮೇಲೆ ಅದನ್ನು ಸಡಿಲ ಮಾಡಬೇಕಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಗಣಿತದಿಂದ ಶುರು ಮಾಡಿ ಎಲ್ಲ ವಿಷಯಕ್ಕೂ ಎರಡು ಮಟ್ಟ ತರಬಹುದು ಅಂದಿತ್ತು. ಇಂಗ್ಲಿಷಿನ ಸರದಿ ಯಾವಾಗಲೋ.

ನನಗೆ ಹಿಡಿಸಿದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನವರ ಲೆಕ್ಕ. ನನ್ನ ತಂಗಿಯ ಸಂಸಾರ ಸಿಡ್ನಿಯಲ್ಲಿದೆ. ಅಲ್ಲಿ ಹನ್ನೆರಡನೇ ಕ್ಲಾಸಿನ ಪರೀಕ್ಷೆಗೆ ಇಂಗ್ಲಿಷ್ ಒಂದೇ ಕಡ್ಡಾಯ ವಿಷಯ. ಆದರೆ ಒಂದೇ ಇಂಗ್ಲಿಷ್ ಅಲ್ಲ. ಸ್ಟ್ಯಾಂಡರ್ಡ್ ಇದೆ, ಅಡ್ವಾನ್ಸ್ಡ್ ಇದೆ, ಇನ್ನೂ ಆಸೆ ಇದ್ದವರಿಗೆ ಎಕ್ಸ್‌ಟೆನ್ಷನ್ ಇದೆ. ಯೂನಿವರ್ಸಿಟಿ ಕಡೆ ಮುಖ ಮಾಡದವರಿಗೆ ಇಂಗ್ಲಿಷ್ ಸ್ಟಡೀಸ್ ಅಂತ ಬೇರೆ ಇದೆ. ಇಂಗ್ಲಿಷಿನಲ್ಲಿ ಓದಲು ಶುರು ಮಾಡಿ ಐದು ವರ್ಷ ದಾಟದೆ ಹನ್ನೊಂದಕ್ಕೆ ಬಂದ ವಲಸೆ ಮಕ್ಕಳಿಗೆ ಇನ್ನೊಂದು ಕೋರ್ಸ್. ‘ದೊಡ್ಡಮ್ಮ, ನಾನು ಸ್ಟ್ಯಾಂಡರ್ಡ್ ತಗೊಂಡೆ. ಅಡ್ವಾನ್ಸ್ಡ್ ಆದ್ರೆ ಶೇಕ್ಸ್‌ಪಿಯರ್ ಓದ್ಲೇಬೇಕು, ನಂಗ್ಬೇಡಪ್ಪ’ ಅಂತ ನನ್ನ ತಂಗಿ ಮಗಳು ಫೋನಲ್ಲಿ ಹೇಳಿದಾಗ ಅವಳ ದನಿಯಲ್ಲಿ ಒಂಚೂರೂ ಸಂಕೋಚ ಇರಲಿಲ್ಲ. ಸ್ಟ್ಯಾಂಡರ್ಡ್, ಅಡ್ವಾನ್ಸ್ಡ್ ಎರಡಕ್ಕೂ ಒಂದು ಭಾಗ ಸಾಮಾನ್ಯ, ಉಳಿದದ್ದು ಬೇರೆ. ಅಲ್ಲಿನ ದುಡ್ಡು, ಅಲ್ಲಿನ ಟೀಚರುಗಳ ಸಂಖ್ಯೆ ನಮಗಿಲ್ಲ, ಗೊತ್ತು. ನನಗೆ ಬೇಕಾದದ್ದು ಆ ಸಾಮಾನ್ಯ ಭಾಗದ ಉಪಾಯ ಒಂದೇ.

ನನ್ನ ಬೇಡಿಕೆ ದೊಡ್ಡದೇನಲ್ಲ. ಎಂಟನೇ ಕ್ಲಾಸಿನ ಎಲ್ಲ ಸೆಕ್ಷನ್‌ಗಳ ಇಂಗ್ಲಿಷ್ ಪಿರಿಯಡ್ ಒಂದೇ ಹೊತ್ತಿಗೆ ಇಡಲು ಹೇಳಿ. ಆ ಒಂದು ಪಿರಿಯಡ್‌ಗೆ ಮಾತ್ರ ಮಕ್ಕಳು ಓದುವ ಮಟ್ಟ ನೋಡಿ ಕೋಣೆ ಬದಲಾಯಿಸಲಿ, ಗಂಟೆ ಹೊಡೆದ ಮೇಲೆ ತಮ್ಮ ತಮ್ಮ ಸೆಕ್ಷನ್‌ಗೆ ವಾಪಸ್ ಬರಲಿ. ಮೂರು ತಿಂಗಳಿಗೊಮ್ಮೆ ವರಾಂಡಕ್ಕೆ ಕರೆದು ಮತ್ತೆ ಓದಿಸಿ, ಸುಧಾರಿಸಿದವರನ್ನು ಮುಂದಿನ ಕೋಣೆಗೆ ಕಳಿಸಲಿ. ನಾನು ಇದನ್ನು ಎರಡು ವರ್ಷ ಕದ್ದು ಮಾಡಿದ್ದೇನೆ. ಹಿಂದಿ ಮೇಡಂ ಒಬ್ಬರಿಗೆ ಇಂಗ್ಲಿಷ್ ಚೆನ್ನಾಗಿತ್ತು, ಅವರು ಒಂದು ಕೋಣೆ ತಗೊಂಡರು. ಕಣ್ಣುರಿ ಹುಡುಗ ದೀಪಾವಳಿ ಹೊತ್ತಿಗೆ ನಾಲ್ಕನೇ ಕ್ಲಾಸಿನ ಪುಟ ಓದಿದ. ತಡವರಿಸುತ್ತಾ ಓದಿದ, ಆದರೆ ಸಾಲಿನ ಮೇಲೆ ಪೆನ್ಸಿಲ್ ಇರಲಿಲ್ಲ. ಮೂರನೇ ವರ್ಷ ಹಿಂದಿ ಮೇಡಂಗೆ ವರ್ಗವಾಯಿತು. ‘ಎಂಟನೇ ಕ್ಲಾಸಿನ ಸಿಲಬಸ್ ಎಷ್ಟು ಮುಗಿದಿದೆ?’ ಅಂತ ಮೇಲಿನವರು ಕೇಳಿದರು. ಅಲ್ಲಿಗೆ ನಿಂತಿತು.

ಸಿಲಬಸ್ ಅನ್ನೋದೇ ಕೊರಳಿಗೆ ಬಿದ್ದ ಹಗ್ಗ. ಇಂಗ್ಲಿಷ್ ಟೀಚರುಗಳಿಗೆ ತರಬೇತಿ ಕೊಡುವ ಬೆಂಗಳೂರಿನ ಆರ್‌ಐಇಎಸ್‌ಐ ಸಂಸ್ಥೆಯಲ್ಲಿ 30 ದಿನದ ತರಬೇತಿಗೆ ನನ್ನನ್ನು ಕಳಿಸಿದ್ದಿರಿ. ಚೆನ್ನಾಗಿತ್ತು, ಇವತ್ತಿಗೂ ನೆನೆಯುತ್ತೇನೆ. ಗುಂಪು ಮಾಡಿ ಕಲಿಸುವುದು, ಮಾತಾಡಿಸುವುದು, ಆಟ ಆಡಿಸುವುದು. ವಾಪಸ್ ಬಂದು ಮಾಡೋಣ ಅಂದರೆ ಪಾಠ ಮುಗಿಸುವ ತಾರೀಖು ಗೋಡೆ ಮೇಲೆ ಅಂಟಿಸಿದೆ. ದಯವಿಟ್ಟು ಎಂಟನೇ ಕ್ಲಾಸಿನಲ್ಲಿ ಪಾಠಗಳನ್ನು ಕಡಿಮೆ ಮಾಡಿ. ಓದಲು ಬಾರದ ಮಕ್ಕಳ ಕೋಣೆಗೆ ಅಕ್ಟೋಬರ್‌ವರೆಗೆ ಪಠ್ಯದಿಂದ ವಿನಾಯಿತಿ ಕೊಡಿ. ಮುಂದೆ ಹೋದವರ ಕೋಣೆಗೆ ಒಂದು ಪೆಟ್ಟಿಗೆ ಕಥೆ ಪುಸ್ತಕ ಕೊಡಿ, ಅಷ್ಟು ಸಾಕು, ಅವರು ಯಾರನ್ನೂ ಏನೂ ಕೇಳುವುದಿಲ್ಲ.

ಹತ್ತನೇ ಕ್ಲಾಸಿನ ಪತ್ರಿಕೆಯಲ್ಲಿ ಒಂದು ಭಾಗ ಎಲ್ಲರಿಗೂ ಸಾಮಾನ್ಯ ಇರಲಿ: ಓದಿ ಅರ್ಥಮಾಡಿಕೊಳ್ಳುವುದು, ನಾಲ್ಕು ಸಾಲು ಸ್ವಂತವಾಗಿ ಬರೆಯುವುದು. ಎರಡನೇ ಭಾಗದಲ್ಲಿ ಮಗು ಪರೀಕ್ಷಾ ಹಾಲ್‌ನಲ್ಲೇ ಆರಿಸಿಕೊಳ್ಳಲಿ. ಒಂದು ದಾರಿಯಲ್ಲಿ ಅರ್ಜಿ, ಸೂಚನೆ, ಕೆಲಸದ ಜಾಗದ ಇಂಗ್ಲಿಷ್. ಇನ್ನೊಂದರಲ್ಲಿ ಕಥೆ, ಕವಿತೆ, ಪ್ರಬಂಧ. ಎರಡಕ್ಕೂ ಒಂದೇ ಅಂಕ. ಅಂಕಪಟ್ಟಿಯಲ್ಲಿ ಯಾವ ದಾರಿ ಅಂತ ಬರೆಯಬೇಡಿ. ಪಿಯುನಲ್ಲಿ ಯಾವ ಕಾಂಬಿನೇಷನ್‌ಗೂ ಅಡ್ಡ ಹಾಕಬೇಡಿ. ಮೌಲ್ಯಮಾಪಕರಿಗೆ ಪಾಯಿಂಟು ಎಣಿಸುವ ಸ್ಕೀಮು ಬೇಡ. ಸ್ವಂತ ವಾಕ್ಯಕ್ಕೆ ಅಂಕ ಕೊಡಿ ಅಂತ ಒಂದು ಸಾಲು ಬರೆದರೂ ಸಾಕು.

ಆಂತರಿಕ ಮೌಲ್ಯಮಾಪನದ 20 ಅಂಕದ ಬಗ್ಗೆ ಹೇಳಲೇಬೇಕಾ? ಎಲ್ಲರಿಗೂ 18, 19, 20. ನಾನೂ ಹಾಗೇ ಕೊಟ್ಟಿದ್ದೇನೆ. ಅದರಲ್ಲಿ ಹತ್ತನ್ನಾದರೂ ಮಾತಾಡುವುದಕ್ಕೆ, ಕೇಳಿ ಅರ್ಥಮಾಡಿಕೊಳ್ಳುವುದಕ್ಕೆ ಎತ್ತಿಡಿ. ಇಲ್ಲದಿದ್ದರೆ ಹತ್ತು ವರ್ಷ ಇಂಗ್ಲಿಷ್ ಓದಿದ ಹುಡುಗ ಬ್ಯಾಂಕಿನ ಕೌಂಟರ್ ಮುಂದೆ ನಿಂತು ಪಕ್ಕದವರ ಮುಖ ನೋಡುತ್ತಾನೆ.

ಇನ್ನೊಂದೇ ಒಂದು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ, ಪಿಯು ಪಾಠ ಜೋರಾಗುವ ಮೊದಲು, ಕನ್ನಡ ಮಾಧ್ಯಮದಿಂದ ಸೈನ್ಸ್‌ಗೆ ಹೋಗುವ ಮಕ್ಕಳಿಗೆ 20 ದಿನ ಒಂದು ಸೇತುಬಂಧ ಮಾಡಿ. ಅವರಿಗೆ ವಿಜ್ಞಾನ ಕಲಿಸಬೇಕಾಗಿಲ್ಲ, ಅದು ಬರುತ್ತದೆ. ವೇಗೋತ್ಕರ್ಷಕ್ಕೆ ಆಕ್ಸಿಲರೇಶನ್ ಅಂತಾರೆ ಅಂತ ಹೇಳಿದರೆ ಸಾಕು. ಕೆಲವು ಉಪನ್ಯಾಸಕರು ಸ್ವಂತ ಆಸಕ್ತಿಯಿಂದ ಇದನ್ನು ಮಾಡುತ್ತಾರೆ. ನನ್ನ ನರ್ಸಿಂಗ್ ಹುಡುಗಿಗೆ ಅಂಥವರು ಸಿಗಲಿಲ್ಲ, ಅಷ್ಟೇ.

ಜೂನ್ ತಿಂಗಳಲ್ಲಿ ವರಾಂಡದಲ್ಲಿ ಓದಿಸುವಾಗ ಬರೆದಿಟ್ಟ ಉದ್ದನೆ ನೋಟ್‌ಬುಕ್ಕುಗಳು ನನ್ನ ಹತ್ತಿರ ಹನ್ನೊಂದು ಇವೆ. ಯಾವ ಮಗು ಯಾವ ಪದದ ಹತ್ತಿರ ನಿಂತಿತು ಅಂತ ದಿನಾಂಕ ಸಮೇತ ಬರೆದಿದ್ದೇನೆ. ಒಂದೆರಡಕ್ಕೆ ಗೆದ್ದಲು ಹತ್ತಿದೆ, ಉಳಿದವು ಚೆನ್ನಾಗಿವೆ. ಪಠ್ಯಪುಸ್ತಕ ಸಮಿತಿಯವರು ಯಾರಾದರೂ ಈ ಕಡೆ ಬಂದರೆ ಕೊಡುತ್ತೇನೆ. ಮಧ್ಯಾಹ್ನ ಬಂದರೆ ಮುದ್ದೆ ಊಟವೂ ಇದೆ.

ಇಂತಿ,
ನಿವೃತ್ತ ಇಂಗ್ಲಿಷ್ ಶಿಕ್ಷಕಿ
ಚಿತ್ರದುರ್ಗ ಜಿಲ್ಲೆ